ಪದಚರ್ಚೆ: ದ್ರವ ಹೈಡ್ರೋಜನ್ ಪೈಪಿನ ‘ಪರ್ಜ್’ಗೆ ‘ಗಾಳಿ ಬಿಡು’ ಎನ್ನಬಹುದೇ?

ಬಲ್ಲವರಲ್ಲಿ ಒಂದು ಪ್ರಶ್ನೆ. ದ್ರವ ಹೈಡ್ರೋಜನನ್ನು ಟ್ಯಾಂಕರಿನಿಂದ ಸ್ಥಿರ ಟ್ಯಾಂಕಿಗೆ ಇಳಿಸುವಾಗಿನ ಸುರಕ್ಷತಾ ಸೂಚನೆಗಳಲ್ಲಿ ‘ಪರ್ಜ್’ (ಪೈಪಿನೊಳಗೆ ಇರುವುದನ್ನು ಬೇರೊಂದು ಅನಿಲ ಬಿಟ್ಟು ಹೊರದೂಡುವುದು) ಎನ್ನುವುದಕ್ಕೆ ಕನ್ನಡದಲ್ಲಿ ಏನು ಬರೆಯೋಣ? ಓದುವವರು ದಾವಣಗೆರೆ, ಚಿತ್ರದುರ್ಗ ಕಡೆಯ ಐಟಿಐ ಮುಗಿಸಿದ ಫಿಟ್ಟರ್, ವೆಲ್ಡರ್‌ಗಳು. ಕರಡಿನಲ್ಲಿ ‘ಮೊದಲು ಪೈಪಿಗೆ ಗಾಳಿ ಬಿಟ್ಟು ಸ್ವಚ್ಛಗೊಳಿಸಿ’ ಎಂದಿದೆ. ನನ್ನ ತಕರಾರು ಆ ‘ಗಾಳಿ’ಯ ಮೇಲೆ.

ನಮ್ಮ ಕಡೆ ವರ್ಕ್‌ಶಾಪಿನಲ್ಲಿ ಗಾಳಿ ಅಂದರೆ ಕಂಪ್ರೆಸರ್ ಗಾಳಿ. ಸಿಲಿಂಡರಿನ ಅನಿಲಕ್ಕೂ ಬಾಯಿಮಾತಿನಲ್ಲಿ ಗಾಳಿ ಎನ್ನುವುದುಂಟು. ಬೇರೆ ಕೆಲಸಕ್ಕೆ ಅದು ನಡೆದೀತು, ಇಲ್ಲಿ ಜೀವಕ್ಕೇ ಕುತ್ತು. ದ್ರವ ಹೈಡ್ರೋಜನ್ ಇರುವುದು ಮೈನಸ್ 253 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನೈಟ್ರೋಜನ್ ಮೈನಸ್ 210ಕ್ಕೆ, ಆಕ್ಸಿಜನ್ ಮೈನಸ್ 219ಕ್ಕೆ ಹೆಪ್ಪುಗಟ್ಟುತ್ತವೆ. ಪೈಪಿನೊಳಗೆ ಗಾಳಿ ಉಳಿದಿದ್ದರೆ ಅದರ ಹರಳು ವಾಲ್ವಿನ ಸೀಟಿನ ಮೇಲೆ ಕೂತು ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಘನ ಆಕ್ಸಿಜನ್ ದ್ರವ ಹೈಡ್ರೋಜನ್ನಿನಲ್ಲಿ ಸೇರಿಕೊಂಡರೆ ಒಂದು ಪೆಟ್ಟಿಗೇ ಸ್ಫೋಟಿಸಬಲ್ಲದು. ಪರ್ಜ್ ಮಾಡುವುದೇ ಗಾಳಿಯನ್ನು ಹೊರಹಾಕಲು! ನೈಟ್ರೋಜನ್ ಹಾಯಿಸಿದರೂ ಅಷ್ಟಕ್ಕೇ ಬಿಡುವಂತಿಲ್ಲ, ಅದೂ ಹೆಪ್ಪುಗಟ್ಟುತ್ತದೆ. ಆ ಚಳಿಯಲ್ಲೂ ಅನಿಲವಾಗಿಯೇ ಉಳಿಯುವ ಹೀಲಿಯಂನಿಂದ ಅದನ್ನೂ ತೆಗೆಯಬೇಕು.

‘ತೊಳೆಯಿರಿ’ ಎಂದರೆ ನೀರು ನೆನಪಾಗುತ್ತದೆ. ‘ಶುದ್ಧೀಕರಿಸಿ’ ಎಂದರೆ ಏನನ್ನು ಹಾಯಿಸಬೇಕೆಂದೇ ಗೊತ್ತಾಗುವುದಿಲ್ಲ. ನನ್ನ ಸಲಹೆ: ‘ಹೀಲಿಯಂ ಹಾಯಿಸಿ ಒಳಗಿನ ಗಾಳಿ ಹೊರಹಾಕಿ’. ಉದ್ದವಾಯಿತು, ಆದರೆ ತಪ್ಪು ತಿಳಿಯಲು ಜಾಗವಿಲ್ಲ.

ಅದೇ ಕರಡಿನಲ್ಲಿ ‘ಬಿಳಿ ಹೊಗೆ ಬಂದರೆ’ ಎಂದೂ ಇದೆ. ಜೋಡಣೆಯಲ್ಲಿ ಸೋರಿದಾಗ ಕಾಣುವುದು ಹೈಡ್ರೋಜನ್ ಅಲ್ಲ, ಸುತ್ತಲಿನ ತೇವ ತಣಿದು ಆದ ಮಂಜು. ಉರಿಯಬಲ್ಲ ಅನಿಲ ಆ ಬಿಳುಪಿನಾಚೆಗೂ ಹರಡಿರಬಹುದು. ‘ಹಬೆ’ ಎಂದರೆ ಬಿಸಿ ಅಂದುಕೊಳ್ಳುತ್ತಾರೆ. ‘ಮಂಜು’ ಸರಿ. ‘ಬೆಂಕಿ ಕಂಡರೆ’ ಎಂಬುದಂತೂ ಹೋಗಲೇಬೇಕು: ಹೈಡ್ರೋಜನ್ ಜ್ವಾಲೆ ಹಗಲಲ್ಲಿ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ‘ಡಿಟೆಕ್ಟರ್ ಕೂಗಿದರೆ’ ಎಂದು ಬರೆಯೋಣ.

ಇನ್ನೊಂದು ಸಾಲು, ‘ಕೆಲಸ ಮುಗಿದ ಮೇಲೆ ಎರಡೂ ಕಡೆಯ ವಾಲ್ವ್ ಬಿಗಿಯಾಗಿ ಮುಚ್ಚಿ’. ನೀರಿನ ಪೈಪಿಗೆ ಇದು ಒಳ್ಳೆಯ ಮಾತೇ. ಇಲ್ಲಿ ನಡುವೆ ಸಿಕ್ಕಿಬಿದ್ದ ದ್ರವ ಹೊರಗಿನ ಶಾಖಕ್ಕೆ ಕುದಿಯುತ್ತದೆ. 1 ಲೀಟರ್ ದ್ರವ ಕೋಣೆಯ ತಾಪಮಾನದಲ್ಲಿ ಸುಮಾರು 850 ಲೀಟರ್ ಅನಿಲವಾಗುತ್ತದೆ. ಆ ತುಂಡಿನಲ್ಲಿ ಒತ್ತಡ ಹೆಚ್ಚಿದಾಗ ತಾನೇ ತೆರೆದುಕೊಳ್ಳುವ ರಿಲೀಫ್ ವಾಲ್ವ್ ಇಲ್ಲದಿದ್ದರೆ ಪೈಪ್ ಸಿಡಿಯುತ್ತದೆ. ಹಾಗಾಗಿ ‘ಒಳಗಿನ ದ್ರವವೆಲ್ಲ ಆವಿಯಾಗಿ ವೆಂಟ್ ಸ್ಟ್ಯಾಕಿನಿಂದ ಹೊರಹೋಗುವವರೆಗೂ ಎರಡೂ ಕಡೆ ಒಟ್ಟಿಗೆ ಮುಚ್ಚಬೇಡಿ’ ಎಂದು ತಿದ್ದಿದ್ದೇನೆ (ವೆಂಟ್ ಸ್ಟ್ಯಾಕ್ ಎಂದರೆ ಅನಿಲವನ್ನು ಎತ್ತರಕ್ಕೆ ಒಯ್ದು ಹೊರಬಿಡುವ ಕೊಳವೆ).

ಭದ್ರಾ ನಾಲೆಯ ಬಯಲಿನಲ್ಲಿ ‘ಹಾಯಿಸು’ ಎಂದೊಡನೆ ಗದ್ದೆಗೆ ನೀರು ಹಾಯಿಸುವುದೇ ಮನಸ್ಸಿಗೆ ಬರುತ್ತದೆ. ಅನಿಲಕ್ಕೂ ಅದು ಒಪ್ಪುತ್ತದೆಯೇ? ಬೇರೆ ಜಿಲ್ಲೆಗಳ ವರ್ಕ್‌ಶಾಪುಗಳಲ್ಲಿ ಇದಕ್ಕಿಂತ ಚಿಕ್ಕ ಮಾತು ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ.