ಬಾಯಿ ತೆಗೆದಾಗ ಕಿವಿ ಮುಂದ ಟಕ್ ಅಂತೈತಿ, ಅಗಿದ್ರ ನೋವು: ಯಾವ ಡಾಕ್ಟರ್ ಕಡೆ ಹೋಗ್ಬೇಕು?

ಪ್ರಶ್ನೆ (ಕೊಪ್ಪಳ)

ಬಲಗಿವಿ ಮುಂದ, ಬಾಯಿ ತೆಗೆದಾಗೊಮ್ಮೆ ಟಕ್ ಅಂತ ಸಪ್ಪಳ. ಒಂದೂವರೆ ತಿಂಗಳಾತು. ಮುಂಜಾನೆ ಎದ್ದಾಗ ದವಡಿ ಬಿಗಿ. ಖಡಕ್ ರೊಟ್ಟಿ ಅಗಿದ್ರ ನೋವು ತಲಿ ಬದಿಗೆ ಏರತೈತಿ. ಕಿವ್ಯಾಗ ಏನಿಲ್ಲ ಅಂದ್ರು. ಎಕ್ಸ್‌ರೇದಾಗ ಗೊತ್ತಾಗತೈತೇನ್ರಿ?

ಉತ್ತರ (ಬಳ್ಳಾರಿ)

ಹಲ್ಲಿನವರ ಕಡೆಗೇ ಹೋಗಿ. ಬಾಯಿ-ದವಡೆ ಸರ್ಜನ್ ಸಿಕ್ಕರೆ ಇನ್ನೂ ಒಳ್ಳೆಯದು. ಡೆಂಟಲ್ ಕಾಲೇಜುಗಳಲ್ಲಿ ಆ ವಿಭಾಗ ಇರುತ್ತದೆ.

ಕೆಳದವಡೆಯ ಗುಂಡು ತುದಿಗೂ ತಲೆಬುರುಡೆಯ ಗುಣಿಗೂ ನಡುವೆ ಒಂದು ತೆಳು ಬಿಲ್ಲೆ ಇದೆ. ಅದು ಮುಂದಕ್ಕೆ ಜಾರಿದ್ದರೆ, ಬಾಯಿ ತೆರೆದಾಗ ಗುಂಡು ಅದರ ಮೇಲೆ ಹತ್ತುತ್ತದೆ. ಟಕ್ ಅನ್ನುವುದು ಆಗಲೇ. ನೋವಿಲ್ಲದ ಬರೀ ಟಕ್‌ಗೆ ಔಷಧ ಬೇಡ. ಮರಳು ಉಜ್ಜಿದಂತೆ ಕರಕರ ಎಂದರೆ ಕೀಲು ಸವೆದಿರಬಹುದು. ಮುಂಜಾನೆ ಬಿಗಿಯಿದ್ದರೆ ರಾತ್ರಿ ನಿದ್ದೆಯಲ್ಲಿ ಹಲ್ಲು ಮಸೆಯುತ್ತಿದ್ದೀರಾ ಎಂದು ಮನೆಯವರನ್ನು ಕೇಳಿ.

ಓಪಿಜಿ (ಇಡೀ ದವಡೆಯ) ಎಕ್ಸ್‌ರೇಯಲ್ಲಿ ಎಲುಬು, ಬುದ್ಧಿಹಲ್ಲು ಕಾಣುತ್ತವೆ, ಬಿಲ್ಲೆ ಕಾಣುವುದಿಲ್ಲ. ಅದಕ್ಕೆ ಎಂಆರ್‌ಐ ಬೇಕು, ಆದರೆ ಎಲ್ಲರಿಗೂ ಅಲ್ಲ.

ಉತ್ತರ (ರಾಯಚೂರು)

ಮ್ಯಾಲಿನವರು ಹೇಳಿದ್ದು ಖರೆ. ಡಾಕ್ಟರ್ ಕಡೆ ಹೋಗೋತನಕ ಎರಡು ವಾರ ಖಡಕ್ ರೊಟ್ಟಿ, ಕಬ್ಬು, ಹುರಿಗಡಲಿ ಬಿಡ್ರಿ. ಹಂಚಿನಿಂದ ಇಳಿಸಿದ ಮೆತ್ತನ ರೊಟ್ಟಿ ಸಾರಿನಾಗ ನೆನಸಿ ತಿನ್ರಿ, ಇಲ್ಲಾ ನುಚ್ಚು. ಬಿಸಿನೀರಾಗ ಅದ್ದಿ ಹಿಂಡಿದ ಬಟ್ಟಿ 15 ನಿಮಿಷ, ದಿನಕ್ಕ ಮೂರು ಸಲ. ಆಕಳಿಸೋವಾಗ ಗದ್ದದ ಕೆಳಗ ಮುಷ್ಟಿ ಹಿಡೀರಿ.

ನಾಲಿಗಿ ತುದಿ ಮ್ಯಾಲಿನ ಹಲ್ಲಿನ ಹಿಂದ ಅಂಗುಳಕ್ಕ ಒತ್ತಿ, ಟಕ್ ಅನ್ನದಷ್ಟೇ ಬಾಯಿ ತೆಗೀಬೇಕು: 6 ಸಲ, ದಿನಕ್ಕ 6 ಸರ್ತಿ. ಸುಮ್ನಿದ್ದಾಗ ತುಟಿ ಮುಚ್ಚಿರ್ಲಿ, ಹಲ್ಲಿಗೆ ಹಲ್ಲು ತಾಗಬಾರದು. ಇದೊಂದು ರೂಢಿಯಾದ್ರ ನೋವು ಇಳೀಬಹುದು.

ಆನ್‌ಲೈನ್‌ನಾಗ ಹಲ್ಲಿಗೆ ಹಾಕೋ ಮೆತ್ತನ ಗಾರ್ಡ್ ತರಿಸಬ್ಯಾಡ್ರಿ. ಕೆಲವರು ಅದನ್ನ ಇನ್ನಷ್ಟು ಕಚ್ತಾರ. ಅಳತಿ ತೊಗೊಂಡು ಮಾಡಿದ ಗಟ್ಟಿ ಅಕ್ರಿಲಿಕ್ ಸ್ಪ್ಲಿಂಟ್ (ಹಲ್ಲಿನ ಕವಚ) ಬೇರೆ. ಹಲ್ಲು ತಿಕ್ಕಿ ಮಟ್ಟ ಮಾಡ್ತೀವಿ ಅಂದ್ರ ಒಪ್ಪಬ್ಯಾಡ್ರಿ. ತಿಕ್ಕಿದ ಹಲ್ಲು ತಿರುಗಿ ಬರಂಗಿಲ್ಲ.

ಉತ್ತರ (ಸಿಂಧನೂರು)

ಗುಟ್ಕಾ, ಅಡಿಕೆ ಅಭ್ಯಾಸ ಇದ್ದರೆ ಲೆಕ್ಕ ಬೇರೆ. ಖಾರ ತಿಂದರೆ ಉರಿ, ಕೆನ್ನೆಯೊಳಗೆ ಬಿಳಿಚಿದ ಬಿಗಿಪಟ್ಟಿ, ದಿನೇ ದಿನೇ ಬಾಯಿ ಕಿರಿದು: ಇದು ಕೀಲಿನದಲ್ಲ, ಸಬ್‌ಮ್ಯೂಕಸ್ ಫೈಬ್ರೋಸಿಸ್, ಅಂದರೆ ಬಾಯಿಯ ಒಳಪದರ ಗಟ್ಟಿಯಾಗುವ ರೋಗ. ಕ್ಯಾನ್ಸರ್‌ಗೆ ತಿರುಗಬಹುದು. ಅವತ್ತೇ ಬಿಡಿ, ತೋರಿಸಿ.

ಮೆಟ್ಟಿಲು ಹತ್ತಿದರೆ ದವಡೆ ನೋವು, ಕೂತರೆ ಇಳಿಯುತ್ತದೆ ಎಂದರೆ ಹೃದಯ ತೋರಿಸಿ; ಕೂತಾಗಲೂ ನೋವು, ಬೆವರು ಇದ್ದರೆ 108. ವಯಸ್ಸು 50 ದಾಟಿ, ಅಗಿಯುವಾಗ ನೋವಿನ ಜೊತೆ ಹೊಸ ತಲೆನೋವು, ಕಣ್ಣು ಮಂಜಾದರೆ ರಕ್ತನಾಳದ ಉರಿಯೂತ ಇರಬಹುದು. ತಡವಾದರೆ ದೃಷ್ಟಿಯೇ ಹೋಗಬಹುದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ ಕೇಳಿದವರು

ಗುಟ್ಕಾ ಇಲ್ರಿ. ಮೂರು ದಿನದಿಂದ ಟಕ್ ನಿಂತೈತಿ, ಆದ್ರ ಬಾಯಾಗ ಎರಡೇ ಬೆರಳು ಹಿಡೀತಾವ. ಗದ್ದ ಬಲಕ್ಕ ಸರೀತೈತಿ.

ಉತ್ತರ (ಬಳ್ಳಾರಿ)

ವಾಸಿಯಾಯಿತು ಅಂದುಕೊಳ್ಳಬೇಡಿ. ಬಿಲ್ಲೆ ಗುಂಡಿನ ಮುಂದೆ ಸಿಕ್ಕಿಕೊಂಡಿರಬಹುದು. ಗದ್ದ ಆ ಕಡೆಗೇ ವಾಲುತ್ತದೆ. ನಿಮ್ಮವೇ ಮೂರು ಬೆರಳು ಒಂದರ ಮೇಲೊಂದು ಹಿಡಿಯಬೇಕು, ಸುಮಾರು 40 ಮಿಲಿಮೀಟರ್. ಬಲವಂತವಾಗಿ ತೆರೆಯಬೇಡಿ. ಮುಂದಿನ ಹಲ್ಲುಗಳ ಅಂತರ ಸ್ಕೇಲಿನಿಂದ ಅಳೆದು, ತಾರೀಕು ಬರೆದುಕೊಂಡು ಈ ವಾರವೇ ಹೋಗಿ.