ಬೇರಿವಾನ್ ಕುರ್ದಿ ಹೆಸರೋ, ಪರ್ಶಿಯನ್ನೋ?

ಜರ್ಮನಿ ಜೋಯಿಸ: ಪಕ್ಕದ ಮನೆಯವರು ಕುರ್ದರು, ತುರ್ಕಿಯ ದಿಯಾರ್‌ಬಕಿರ್ ಕಡೆಯವರು. ಮಕ್ಕಳ ಹೆಸರು ಆಜಾದ್, ಬರ್ಫೀನ್, ಬೇರಿವಾನ್. ಆಜಾದ್ ನಮಗೂ ಗೊತ್ತು. ಬರ್ಫ್ ಅಂದರೆ ಹಿಮ, ನಮ್ಮ ಬರ್ಫಿಯೂ ಅದರಿಂದಲೇ ಬಂದಿದ್ದು. 'ಇವೆಲ್ಲ ಪರ್ಶಿಯನ್ ಹೆಸರುಗಳಲ್ವಾ?' ಅಂತ ಸುಮ್ನೆ ಕೇಳಿದೆ. ಮಕ್ಕಳ ಅಮ್ಮ ಮುಖ ಗಂಟು ಹಾಕಿಕೊಂಡರು. ನಾನೇನು ತಪ್ಪು ಕೇಳಿದೆ?

ಪದಬೇಟೆ: ತಪ್ಪೇ ಕೇಳಿದ್ದೀರಿ ಜೋಯಿಸರೇ. ಕುರ್ದಿ ಪರ್ಶಿಯನ್ನಿನ ತಂಗಿ, ಮಗಳಲ್ಲ. ತಮಿಳರೂ 'ನೀರ್' ಅಂತಾರೆ ಅಂತ ನಮ್ಮ 'ನೀರು' ತಮಿಳಾಗುತ್ತಾ? ಪರ್ಶಿಯನ್ನಿನಲ್ಲಿ ಹೆಂಗಸು 'ಜ಼ನ್', ಕುರ್ದಿಯಲ್ಲಿ 'ಝಿನ್'. ದಿನಕ್ಕೆ ಅಲ್ಲಿ 'ರೂಜ಼್', ಇಲ್ಲಿ 'ರೋಝ್'. ರೋಝ್‌ಗೆ ಸೂರ್ಯ ಅಂತಲೂ ಅರ್ಥ, ಅದಕ್ಕೇ ರೋಝ್ ಇಟ್ಟುಕೊಂಡ ಹೆಸರುಗಳು ಅವರಲ್ಲಿ ಜಾಸ್ತಿ. (ಆ ಉಚ್ಚಾರಕ್ಕೆ ನಮ್ಮಲ್ಲಿ ಅಕ್ಷರವಿಲ್ಲ, ಸದ್ಯಕ್ಕೆ ಝ ಅಂದುಕೊಳ್ಳಿ.)

ಇನ್ನು ಬೇರಿವಾನ್. ಬೇಸಿಗೆಯಲ್ಲಿ ಕುರಿ ಮಂದೆ ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೋಗುತ್ತದೆ. ಅಲ್ಲಿ ಹಾಲು ಕರೆಯುವ ಕೆಲಸ 'ಬೇರಿ', ಕರೆಯುವವಳು ಬೇರಿವಾನ್. ಆ ಹುಲ್ಲುಗಾವಲಿನ ಹೆಸರು 'ಜೋಜಾನ್', ಅದನ್ನೂ ಹೆಣ್ಣುಮಕ್ಕಳಿಗೆ ಇಡುತ್ತಾರೆ. ಕುರಿ ಸಾಕುವ ಬೆಟ್ಟದ ಜನ, ಹೆಸರಲ್ಲೂ ಅದೇ ಇದೆ.

ಗುಮ್ಮಟ ನಗರಿ: ಆ 'ವಾನ್' ನಮ್ಮ ವಿಜಯಪುರದಾಗೂ ಐತ್ರೀ! ಹಣ್ಣು ಮಾರೋ ಬಾಗವಾನ್ ಮಂದಿ. ಬಾಗ್ ಅಂದ್ರ ತೋಟ, ತೋಟ ನೋಡ್ಕೊಳ್ಳಾವ ಬಾಗವಾನ್.

ಅಡ್ಡಮಾತು: ವಾನ್ ಸರಿ, ಆದರೆ ಆಜಾದ್, ಶಿರೀನ್ ಎಲ್ಲ ಪರ್ಶಿಯನ್ ಕಡೆಯವೇ. ಉಳಿದವರು ಅಹ್ಮದ್, ಮುಸ್ತಫಾ. ದೊಡ್ಡ ಕುರ್ದ ಅಂದರೆ ಜೆರುಸಲೇಮ್ ಗೆದ್ದ ಸುಲ್ತಾನ ಸಲಾದೀನ್. ಅವನ ಹೆಸರು ಯೂಸುಫ್, ಸಲಾದೀನ್ ಅನ್ನುವುದು ಬಿರುದು, ಎರಡೂ ಅರಬರ ಕಡೆಯವು. ಈ ಬೆಟ್ಟ, ಹಿಮ, ಸೂರ್ಯ ಎಲ್ಲ ಈಚಿನ ಫ್ಯಾಷನ್.

ಪದಬೇಟೆ: ಅದೇ ಸಲಾದೀನನ ಚಿಕ್ಕಪ್ಪನ ಹೆಸರು ನೋಡಿ: ಶೀರ್‌ಕೂಹ್, ಬೆಟ್ಟದ ಸಿಂಹ. 12ನೇ ಶತಮಾನದ ಫ್ಯಾಷನ್ನಾ?

ಅಡ್ಡಮಾತು: ಅದೂ ಪರ್ಶಿಯನ್ನೇ ಗುರು 😄

ಮೀನಾಕ್ಷಿ ಮೈಸೂರು: ಫ್ಯಾಷನ್ ಅನ್ನಬೇಡಿ. ತುರ್ಕಿಯಲ್ಲಿ 1972ರ ಕಾನೂನು 'ರಾಷ್ಟ್ರೀಯ ಸಂಸ್ಕೃತಿಗೆ' ಹೊಂದದ ಹೆಸರು ಇಡಬಾರದು ಅಂತಿತ್ತು. 2003ರಲ್ಲಿ ಆ ಮಾತು ತೆಗೆದರು, ಆದರೆ ಅಕ್ಷರದ ತಕರಾರು ಉಳಿಯಿತು. 1928ರ ತುರ್ಕಿ ಅಕ್ಷರಮಾಲೆಯಲ್ಲಿ ಕ್ಯೂ, ಡಬ್ಲ್ಯೂ, ಎಕ್ಸ್ ಇಲ್ಲ, ಕುರ್ದಿಗೆ ಮೂರೂ ಬೇಕು. ಮಗುವಿಗೆ 'ವೆಲಾತ್' ಅಂತ ಡಬ್ಲ್ಯೂ ಹಾಕಿ ಬರೆಸಲು ಹೋದರೆ ಕಚೇರಿಯಲ್ಲಿ ಒಪ್ಪುತ್ತಿರಲಿಲ್ಲ. ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕು ನ್ಯಾಯಾಲಯ ಕೂಡ 2010ರಲ್ಲಿ ಇದು ಹಕ್ಕಿನ ಉಲ್ಲಂಘನೆ ಅಲ್ಲ ಅಂದಿತು. ಈ ಅಕ್ಷರ ಬಳಸಿದರೆ ಇದ್ದ ಶಿಕ್ಷೆಯನ್ನು ತೆಗೆಯುವುದಾಗಿ ಸರ್ಕಾರ ಹೇಳಿದ್ದು 2013ರಲ್ಲಿ. ಜೋಯಿಸರೇ, ಇಷ್ಟೆಲ್ಲ ದಾಟಿ ಬಂದವರ ಹತ್ತಿರ ನೀವು ಹೋಗಿ 'ಇದು ಪರ್ಶಿಯನ್ ಅಲ್ವಾ' ಅಂದಿದ್ದೀರಿ!

ಇರಾನಿನಲ್ಲೂ ನೋಡಿ. 2022ರಲ್ಲಿ ಪೊಲೀಸರ ವಶದಲ್ಲಿದ್ದಾಗ ತೀರಿಕೊಂಡ ಕುರ್ದ ಹುಡುಗಿ ಮಹ್ಸಾ ಅಮೀನಿ, ಮಹ್ಸಾ ಅನ್ನುವುದು ದಾಖಲೆಯ ಹೆಸರು, ಮನೆಯಲ್ಲಿ ಝೀನಾ. ಸಮಾಧಿ ಕಲ್ಲಿನ ಮೇಲೆ ಮನೆಯ ಹೆಸರೇ ಬಂತು.

ಗುಮ್ಮಟ ನಗರಿ: ವೆಲಾತ್ ಅಂದ್ರ ಏನ್ರೀ ಅಕ್ಕಾರ?

ಮೀನಾಕ್ಷಿ ಮೈಸೂರು: ತಾಯ್ನಾಡು. ಅರಬ್ಬಿಯ ವಿಲಾಯತ್‌ನಿಂದ ಬಂದಿದ್ದು. ನಮ್ಮಲ್ಲಿ ವಿಲಾಯತಿ ಅಂದರೆ ಪರದೇಶದ್ದು, ಅವರಿಗೆ ಅದೇ ಪದ ಸ್ವಂತ ನಾಡು!

ಅಡ್ಡಮಾತು: ಸರಿ, ಅಕ್ಷರದ ವಿಷಯ ನನಗೆ ಗೊತ್ತಿರಲಿಲ್ಲ, ಫ್ಯಾಷನ್ ಅಂದಿದ್ದನ್ನು ವಾಪಸ್ ತಗೊಂಡೆ. ಪರ್ಶಿಯನ್ ಅಂದಿದ್ದನ್ನು ತಗೊಳ್ಳಲ್ಲ. ಇನ್ನೊಂದು: 'ಝಿನ್, ಝಿಯಾನ್, ಆಜಾದಿ' ಘೋಷಣೆ ಇದೆಯಲ್ಲ, ಹೆಣ್ಣು, ಬದುಕು, ಬಿಡುಗಡೆ. ಝಿನ್, ಝಿಯಾನ್ ಎರಡಕ್ಕೂ ಒಂದೇ ಬೇರು ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ನಿಜವಾ?

ಪದಬೇಟೆ: ಕೇಳೋಕೆ ಚೆನ್ನಾಗಿದೆ, ನಿಜವಲ್ಲ. ಝಿಯಾನ್ ನಮ್ಮ 'ಜೀವ'ದ ನೆಂಟ, ಝೀನಾ ಕೂಡ ಅದೇ ಮನೆಯವಳು. ಝಿನ್ ಸಂಸ್ಕೃತದ 'ಜನಿ'ಯ ನೆಂಟಳು, ಜನಿ ಅಂದರೆ ಹೆಂಗಸು, ಹೆಂಡತಿ. ಬೇರು ಎರಡು, ಕುರ್ದಿಗೆ ಬರುವ ಹೊತ್ತಿಗೆ ದನಿ ಹತ್ತಿರವಾಯಿತು ಅಷ್ಟೇ.

ಜರ್ಮನಿ ಜೋಯಿಸ: ಇವತ್ತು ಕೊಬ್ಬರಿ ಬರ್ಫಿ ಮಾಡಿಸಿಕೊಂಡು ಹೋಗಿ ತಪ್ಪಾಯಿತು ಅಂದೆ. ಅವರಮ್ಮ ನಕ್ಕರು. ಬೇರಿವಾನ್ ಅಂದರೆ ಕುರಿ ಹಾಲು ಕರೆಯುವವಳು ಅಂತ ತಿಳ್ಕೊಂಡೆ ಅಂದಾಗ, ತಮ್ಮ ಅಜ್ಜಿ ಹಾಲಿನ ಪಾತ್ರೆ ಹೊತ್ತು ಬೆಟ್ಟ ಇಳಿಯುತ್ತಿದ್ದುದನ್ನು ಎದ್ದು ನಿಂತು ನಡೆದೇ ತೋರಿಸಿದರು. ತಿಂಡಿಯ ಹೆಸರು ಕೇಳಿದ್ದೇ ತಡ, ಚಿಕ್ಕವಳು ಬರ್ಫೀನ್ 'ಹಾಗಾದ್ರೆ ಇದು ನಂದು' ಅಂತ ಡಬ್ಬಿ ಎಳೆದುಕೊಂಡಳು. ಆಜಾದ್‌ಗೆ ಒಂದು ತುಂಡೂ ಸಿಗಲಿಲ್ಲ.