ಡೈರೆಕ್ಟ್ ಡ್ರೈವ್ ಟರ್ನ್‌ಟೇಬಲ್: ಫಲಕಕ್ಕೆ ಯಾವ ಪದ, ನಿರ್ವಹಣೆಯ ಹಾಳೆಗೆ ಯಾವ ಪದ?

ಮಾನ್ಯರೇ,

‘ಡೈರೆಕ್ಟ್ ಡ್ರೈವ್ ಟರ್ನ್‌ಟೇಬಲ್’ಗೆ, ಅಂದರೆ ತಟ್ಟೆಯನ್ನು ಮೋಟಾರೇ ನೇರವಾಗಿ ತಿರುಗಿಸುವ ರೆಕಾರ್ಡ್ ಪ್ಲೇಯರಿಗೆ, ಕನ್ನಡದಲ್ಲಿ ಏನೆನ್ನಬೇಕು ಎಂದು ಇಲ್ಲಿ ಪ್ರಶ್ನೆ ಕೇಳಿದವರಿಗೆ ಸೋಮವಾರದೊಳಗೆ ಪದ ಬೇಕಾಗಿದೆ. ಹಳೆಯ ಧ್ವನಿ ಉಪಕರಣಗಳ ಪ್ರದರ್ಶನದಲ್ಲಿ ಟೆಕ್ನಿಕ್ಸ್ ಎಸ್‌ಎಲ್-1200 ಮಾರ್ಕ್ 2 ಎಂಬ ಅಂಥ ಯಂತ್ರದ ಮುಂದೆ ನಿಲ್ಲಿಸುವ ಫಲಕಕ್ಕೆ ಒಂದು, ಅದನ್ನು ನೋಡಿಕೊಳ್ಳುವ ಸ್ವಯಂಸೇವಕರ ಹಾಳೆಗೆ ಇನ್ನೂ ಕೆಲವು. ಇಲ್ಲಿಯವರೆಗೆ ಬಂದ ಉತ್ತರಗಳಲ್ಲಿ ಪದಗಳ ಮೂಲಧಾತುಗಳ ಚರ್ಚೆ ಧಾರಾಳವಾಗಿದೆ, ಯಂತ್ರದ ಮಾತು ಎಲ್ಲಿಯೂ ಇಲ್ಲ. ಅದೇ ಯಂತ್ರವನ್ನು ಮನೆಯಲ್ಲಿಟ್ಟುಕೊಂಡು, ಬಿಚ್ಚಿ ಒರೆಸಿ ಎಣ್ಣೆ ಬಿಟ್ಟು ನಡೆಸುತ್ತಿರುವವನಾಗಿ ಇದನ್ನು ಬರೆಯುತ್ತಿದ್ದೇನೆ.

ಬಂದ ಸಲಹೆಗಳಲ್ಲಿ ‘ನೇರ ಚಾಲನೆ’ ಬೇಡ. ದಿನಪತ್ರಿಕೆ ಓದುವವರಿಗೆ ‘ಚಾಲನೆ’ ಎಂದರೆ ಸಚಿವರು ಕಾರ್ಯಕ್ರಮಕ್ಕೆ ನೀಡುವಂಥದ್ದು, ಇಲ್ಲವೇ ವಾಹನಕ್ಕೆ ಸಂಬಂಧಿಸಿದ್ದು. ‘ನೇರ’ ಎಂದೊಡನೆ ನೆನಪಾಗುವುದು ನೇರ ಪ್ರಸಾರ. ಎರಡನ್ನೂ ಕೂಡಿಸಿದರೆ ಫಲಕದ ಮುಂದೆ ನಿಂತವರಿಗೆ ಏನೂ ತಿಳಿಯುವುದಿಲ್ಲ.

‘ಪಟ್ಟಿರಹಿತ’ ಎಂಬ ಸಲಹೆ ಇನ್ನೂ ದೊಡ್ಡ ತಪ್ಪು. ಮೋಟಾರಿನಿಂದ ತಟ್ಟೆಯನ್ನು ಎಳೆಯುವ ಬೆಲ್ಟ್ ಇಲ್ಲದಿರುವುದೇ ಲಕ್ಷಣವಾಗಿದ್ದರೆ ಇಂಗ್ಲೆಂಡಿನ ಗ್ಯಾರಾರ್ಡ್ 301 ಎಂಬ ಟರ್ನ್‌ಟೇಬಲ್ ಕೂಡ ಇದೇ ಗುಂಪಿಗೆ ಸೇರಬೇಕಾಗುತ್ತಿತ್ತು. ಅದರಲ್ಲಿ ಮೋಟಾರಿಗೂ ತಟ್ಟೆಗೂ ನಡುವೆ ರಬ್ಬರ್ ಅಂಚಿನ ಚಕ್ರವೊಂದು ಒತ್ತಿಕೊಂಡು ತಿರುಗುತ್ತದೆ, ಮೋಟಾರಿನ ನಡುಕ ಆ ಚಕ್ರದ ಮೂಲಕ ತಟ್ಟೆಗೂ ತಟ್ಟೆಯಿಂದ ರೆಕಾರ್ಡಿನ ಮೇಲೆ ಓಡುವ ಮುಳ್ಳಿಗೂ ದಾಟಲು ದಾರಿಯಾಗುತ್ತದೆ. ಸ್ವಿಟ್ಜರ್ಲೆಂಡಿನ ಥೋರೆನ್ಸ್ ಟಿಡಿ 124ರಲ್ಲಂತೂ ಬೆಲ್ಟೂ ಇದೆ, ರಬ್ಬರ್ ಚಕ್ರವೂ ಇದೆ. ಜಪಾನಿನ ಮತ್ಸುಶಿತ ಸಂಸ್ಥೆ 1970ರಲ್ಲಿ ಟೆಕ್ನಿಕ್ಸ್ ಎಸ್‌ಪಿ-10ರ ಮೂಲಕ ಮಾರುಕಟ್ಟೆಗೆ ತಂದದ್ದು ಇವೆರಡನ್ನೂ ಕಳಚಿಹಾಕಿದ ಏರ್ಪಾಡು. ಅದರಲ್ಲಿ ಮೋಟಾರು ಜೋರಾಗಿ ತಿರುಗಿ ಆಮೇಲೆ ಆ ವೇಗವನ್ನು ಇಳಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದರೆ ಮೋಟಾರೂ ಅಷ್ಟೇ ನಿಧಾನವಾಗಿ ತಿರುಗುತ್ತದೆ. ಪದ ಕಟ್ಟುವವರು ಹಿಡಿಯಬೇಕಾದ ತಿರುಳು ಇದು.

ಯಂತ್ರಕ್ಕೆ ಸೂಚಿಸಿರುವ ಇನ್ನೊಂದು ಹೆಸರು ‘ತಿಗರಿ’. ಅದರ ಮೂಲ ‘ತಿರುಗು’ ಹೌದೋ ಅಲ್ಲವೋ ಎಂಬುದರ ಮೇಲೆ ಇಷ್ಟು ಪತ್ರಗಳು ಬೇಕಿರಲಿಲ್ಲ. ಕುಂಬಾರ ಕೋಲಿನಿಂದ ಬೀಸಿ ಬಿಟ್ಟ ಮೇಲೆ ತಿಗರಿ ತನ್ನ ಭಾರದ ಓಟದಲ್ಲಿ ತಿರುಗುತ್ತ ಬರಬರುತ್ತ ನಿಧಾನವಾಗುತ್ತದೆ. 1979ರ ಮಾರ್ಕ್ 2ರಲ್ಲಿ ಕ್ವಾರ್ಟ್ಸ್ ಹರಳಿನ ಮಿಡಿತಕ್ಕೆ ತಟ್ಟೆಯ ವೇಗವನ್ನು ಸದಾ ತಾಳೆ ನೋಡುವ ಸರ್ಕ್ಯೂಟ್ ಇದೆ, ಅದು ವೇಗ ಇಳಿಯಲು ಬಿಡುವುದಿಲ್ಲ. ಉಚ್ಚಾರಣೆಗೆ ಎಷ್ಟೇ ಹಿತವಾಗಿದ್ದರೂ ಯಂತ್ರದ ಗುಣಕ್ಕೆ ವಿರುದ್ಧವಾದ ಹೆಸರನ್ನು ಅದಕ್ಕೆ ಅಂಟಿಸಬಾರದು.

ನಾನು ಗಂಭೀರವಾಗಿ ಯೋಚಿಸಿದ್ದು ‘ಒಂದಚ್ಚಿನ ತಿರುಗುತಟ್ಟೆ’ಯ ಬಗ್ಗೆ ಮಾತ್ರ. ಗಾಡಿಯ ಅಚ್ಚು ಎಲ್ಲರಿಗೂ ಗೊತ್ತು, ತಟ್ಟೆಯೂ ಮೋಟಾರೂ ಒಂದೇ ಅಚ್ಚಿನ ಮೇಲೆ ತಿರುಗುವ ಎಸ್‌ಪಿ-10ರ ರಚನೆಗೂ ಅದು ಹೊಂದುತ್ತದೆ. ಆದರೆ ರೆಕಾರ್ಡುಗಳನ್ನು ಒತ್ತಿ ತೆಗೆಯುವುದೂ ಅಚ್ಚಿನಿಂದಲೇ ಆದ್ದರಿಂದ ಈ ಕ್ಷೇತ್ರದಲ್ಲಿ ‘ಒಂದಚ್ಚಿನ’ ಎಂದರೆ ಒಂದೇ ಅಚ್ಚಿನಲ್ಲಿ ಒತ್ತಿದ ಪ್ರತಿಗಳು ಎಂಬ ಅರ್ಥವೇ ಮೊದಲು ಬರುತ್ತದೆ. ಅಲ್ಲದೆ ಮಾರ್ಕ್ 2ರ ಪ್ಲಗ್ ಕಿತ್ತು, ತಟ್ಟೆಯ ಎರಡು ತೂತುಗಳಲ್ಲಿ ಬೆರಳು ತೂರಿಸಿ ನೆಟ್ಟಗೆ ಮೇಲೆತ್ತಿ ನೋಡಿ: ತಟ್ಟೆಯ ಅಡಿಗೆ ಅಯಸ್ಕಾಂತದ ಬಳೆಯೊಂದನ್ನು ಬಿಗಿದಿದ್ದಾರೆ, ತಾಮ್ರದ ಸುರುಳಿಗಳು ಕೆಳಗೆ ಪೀಠದಲ್ಲಿ ಉಳಿಯುತ್ತವೆ. ಇಲ್ಲಿ ತಟ್ಟೆಯೇ ಮೋಟಾರಿನ ತಿರುಗುವ ಭಾಗ, ಎರಡನ್ನು ಕೂಡಿಸುವ ಅಚ್ಚಿನ ಮಾತೇ ಬರುವುದಿಲ್ಲ.

ಆದ್ದರಿಂದ ಫಲಕದಲ್ಲಿ ಹೆಸರನ್ನು ‘ಡೈರೆಕ್ಟ್ ಡ್ರೈವ್ ಟರ್ನ್‌ಟೇಬಲ್’ ಎಂದೇ ಕನ್ನಡ ಲಿಪಿಯಲ್ಲಿ ಬರೆದು, ಅದರ ಕೆಳಗೆ ‘ತಟ್ಟೆಯನ್ನು ಮೋಟಾರೇ ತಿರುಗಿಸುತ್ತದೆ, ನಡುವೆ ಬೆಲ್ಟೂ ಇಲ್ಲ, ರಬ್ಬರ್ ಚಕ್ರವೂ ಇಲ್ಲ’ ಎಂದು ಹಾಕಿ. ಇಂಗ್ಲಿಷ್ ಹೆಸರನ್ನೇ ಉಳಿಸಿಕೊಳ್ಳುವುದನ್ನು ಶರಣಾಗತಿ ಎಂದು ಕರೆದವರಿಗೆ ನನ್ನ ಉತ್ತರ ಇಷ್ಟೇ: ಮೋಟಾರು, ಬೆಲ್ಟು, ಪ್ಲಗ್ಗು ನಮ್ಮ ವಿಭಕ್ತಿಗಳನ್ನು ಹಚ್ಚಿಕೊಂಡು ಎಂದೋ ಒಳಗೆ ಬಂದಿವೆ, ಎತ್ತು, ಬಿಗಿ, ಒರೆಸು, ಸವೆ, ತೊಟ್ಟಿಕ್ಕು ಎಂಬ ಕ್ರಿಯಾಪದಗಳನ್ನು ಬಿಟ್ಟು ‘ಕ್ಲೀನ್ ಮಾಡಿ, ಟೈಟ್ ಮಾಡಿ’ ಎಂದು ಬರೆಯುವಾಗಲೇ ಭಾಷೆ ನಿಜವಾಗಿ ಸೊರಗುವುದು. ವಸ್ತುವಿನ ಹೆಸರು ಹೊರಗಿನದಿರಲಿ, ಅದನ್ನು ಮುಟ್ಟುವ ಕೈಯ ಮಾತು ಕನ್ನಡದ್ದೇ ಆಗಿರಬೇಕು.

ಈ ಕಾರಣಕ್ಕೇ ಹಾಳೆಯ ಪದಗಳು ಫಲಕದ ಪದಕ್ಕಿಂತ ಮುಖ್ಯ. ತಟ್ಟೆ ಕೂರುವ ನಡುಗಂಬಿಗೆ ಬಿಡುವ ಎಣ್ಣೆಯನ್ನು ಒಬ್ಬರು ‘ಕೀಲೆಣ್ಣೆ’ ಎಂದು ಅನುವಾದಿಸಿದ್ದಾರೆ. ಪದ ಚೆಂದವಿದೆ, ಫಲ ಅನಾಹುತ. ಕೀಲೆಣ್ಣೆ ಎಂದರೆ ಗಾಡಿಯ ಗಾಲಿಗೆ ಬಳಿಯುವ ಗಟ್ಟಿ ಜಿಡ್ಡು. ಅದನ್ನು ಓದಿದ ಸ್ವಯಂಸೇವಕ ಗ್ರೀಸ್ ಮೆತ್ತಿದರೆ ತಪ್ಪು ಅವನದಲ್ಲ. ಸುಮಾರು 2000 ಗಂಟೆಗಳ ಓಟಕ್ಕೊಮ್ಮೆ ‘ತೆಳು ಎಣ್ಣೆಯನ್ನು ಎರಡು ಮೂರು ಹನಿ ಬಿಡಿ’ ಎಂದು ಬರೆಯಿರಿ.

ತಟ್ಟೆಯ ಅಂಚಿನ ಚುಕ್ಕಿಗಳಿಗೆ ‘ವೇಗಚುಕ್ಕಿ’ ಎಂದವರ ಪ್ರಯೋಗ ಒಪ್ಪತಕ್ಕದ್ದು. ವೇಗ ಸರಿಯಿದ್ದಾಗ ದೀಪದ ಬೆಳಕಿನಲ್ಲಿ ಅವು ನಿಂತಂತೆ ಕಾಣುತ್ತವೆ, ತಪ್ಪಿದಾಗ ಹಿಂದಕ್ಕೋ ಮುಂದಕ್ಕೋ ಹರಿಯುತ್ತವೆ. ಆದರೆ ಅನುವಾದಿಸಬೇಕಾದ ಮೂಲ ಹಾಳೆಯಲ್ಲಿ ವೇಗ ಪರೀಕ್ಷಿಸಲು ರೆಕಾರ್ಡಿನಂತೆ ತಟ್ಟೆಯ ಮೇಲಿಟ್ಟು ದೀಪದ ಬೆಳಕಿನಲ್ಲಿ ನೋಡುವ ಕಾಗದದ ಬಿಲ್ಲೆಯ ಪ್ರಸ್ತಾಪವೂ ಇದೆ, ಅದರಲ್ಲಿ 33⅓ ಸುತ್ತಿಗೆ 216 ಗೆರೆಗಳೆಂದಿದೆ. ಅದು ಅಮೆರಿಕದ 60 ಹರ್ಟ್ಸ್ ವಿದ್ಯುತ್ತಿನ ಲೆಕ್ಕ. ನಮ್ಮದು 50 ಹರ್ಟ್ಸ್. ಇಲ್ಲಿನ ದೀಪ ಸೆಕೆಂಡಿಗೆ 100 ಸಲ ಮಿನುಗುವುದರಿಂದ ಗೆರೆಗಳು 180 ಇರಬೇಕು. ಅಂಕಿಯನ್ನು ಹಾಗೆಯೇ ಇಳಿಸಿಕೊಂಡರೆ ಸರಿಯಾಗಿ ತಿರುಗುತ್ತಿರುವ ಯಂತ್ರವನ್ನೇ ಕೆಟ್ಟಿದೆಯೆಂದು ತಿಳಿದು ಯಾರಾದರೂ ಒಳಗಿನ ತಿರುಪುಗಳಿಗೆ ಕೈ ಹಾಕುತ್ತಾರೆ.

ಸ್ಟೈಲಸ್‌ಗೆ ‘ಮುಳ್ಳು’ ಇರಲಿ, ಅದನ್ನು ಹಿಡಿದಿರುವ ಟೋನ್‌ಆರ್ಮ್‌ಗೆ ‘ತೋಳು’ ಇರಲಿ. ಎಣ್ಣೆಯ ಮತ್ತು ಬಿಲ್ಲೆಯ ಪರಿಚ್ಛೇದಗಳನ್ನು ಮುದ್ರಣಕ್ಕೆ ಕೊಡುವ ಮೊದಲು ಇಲ್ಲಿಗೆ ಕಳಿಸಿದರೆ ಭಾನುವಾರ ರಾತ್ರಿಯೊಳಗೆ ತಿದ್ದಿ ಕೊಡುತ್ತೇನೆ.